ನಿಂತ ಗಾಳಿಯ ಗೋಡೆ: ತುರ್ತು ಆಸರೆಯನ್ನು ಮನೆಯ ಸಾಮಾನಿನಿಂದಲೇ ಬೆಚ್ಚಗಿಡುವುದು ಹೇಗೆ?

2005ರ ಅಕ್ಟೋಬರ್ 8ರಂದು ಕಾಶ್ಮೀರದಲ್ಲಿ ಭೂಮಿ ನಡುಗಿದಾಗ ಗುಡ್ಡಗಾಡಿನ ಚಳಿಗಾಲ ಹೊಸ್ತಿಲಲ್ಲೇ ನಿಂತಿತ್ತು. 2023ರ ಫೆಬ್ರುವರಿ 6ರಂದು ಟರ್ಕಿ ಮತ್ತು ಸಿರಿಯಾದಲ್ಲಿ ಭೂಕಂಪ ಆದದ್ದು ಕೊರೆಯುವ ಚಳಿಯ ನಸುಕಿನಲ್ಲಿ. ಬದುಕಿ ಉಳಿದವರು ಕಾರುಗಳಲ್ಲಿ, ಡೇರೆಗಳಲ್ಲಿ, ಬಯಲಿನಲ್ಲಿ ರಾತ್ರಿ ಕಳೆದರು. ಭೂಕಂಪವೇ ಆಗಬೇಕೆಂದಿಲ್ಲ. ಪ್ರವಾಹ ಬಂದರೆ, ಮನೆಗೆ ಬೆಂಕಿ ಬಿದ್ದರೆ, ಬಿರುಗಾಳಿಗೆ ಮಾಡು ಹಾರಿಹೋದರೆ ಕೈಗೆ ಸಿಗುವುದು ಬಹುಮಟ್ಟಿಗೆ ಒಂದು ಟಾರ್ಪಾಲಿನ್ ಮತ್ತು ಮನೆಯಿಂದ ಹೊತ್ತು ತರಲು ಸಾಧ್ಯವಾದಷ್ಟು ಸಾಮಾನು.

ಟಾರ್ಪಾಲಿನ್ ಮಳೆಯನ್ನು ತಡೆಯುತ್ತದೆ, ಚಳಿಯನ್ನು ತಡೆಯುವುದಿಲ್ಲ. ಒಂದೇ ಪದರದ ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಲಗಿದವರು ಬೆಳಗಿನ ಜಾವ ನಡುಗುತ್ತಾ ಏಳುವುದು ಇದೇ ಕಾರಣಕ್ಕೆ. ಈ ಕೊರತೆಯನ್ನು ತುಂಬಲು ವಿಶೇಷ ಸಾಮಗ್ರಿ ಬೇಕಾಗಿಲ್ಲ. ಹಳೆಯ ಪತ್ರಿಕೆ, ರಟ್ಟಿನ ಪೆಟ್ಟಿಗೆ, ಬೆಡ್‌ಶೀಟ್, ಥರ್ಮಾಕೋಲ್ ಸಾಕು. ಯಾವುದನ್ನು ಎಲ್ಲಿ ಇಡಬೇಕು, ಏಕೆ ಇಡಬೇಕು ಎಂಬುದು ಮಾತ್ರ ಗೊತ್ತಿರಬೇಕು.

ಒಲೆ ನೀವೇ

ಸುಮ್ಮನೆ ಕುಳಿತಿರುವ ವಯಸ್ಕರೊಬ್ಬರ ದೇಹ ಸುಮಾರು 100 ವ್ಯಾಟ್ ಶಾಖವನ್ನು ಹೊರಬಿಡುತ್ತದೆ, ಹಳೆಯ ಕಾಲದ ತಂತಿಯ ಬಲ್ಬ್ ಒಂದು ಉರಿದಷ್ಟು. ನಿದ್ದೆಯಲ್ಲಿ ಅದು 70–80 ವ್ಯಾಟ್‌ಗೆ ಇಳಿಯುತ್ತದೆ. ವಿದ್ಯುತ್ ಇಲ್ಲದ, ಬೆಂಕಿ ಹಾಕಲಾಗದ ಆಸರೆಯಲ್ಲಿ ಇರುವ ಒಲೆ ಇದೊಂದೇ. ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರು ಹೈಪೊಥರ್ಮಿಯಾ ಎನ್ನುತ್ತಾರೆ. ಹಾಗಾಗಲು ಹಿಮ ಸುರಿಯಲೇಬೇಕೆಂದಿಲ್ಲ. ಒದ್ದೆ ಬಟ್ಟೆಯಲ್ಲಿ, ಗಾಳಿಗೆ ಮೈಯೊಡ್ಡಿ ಕುಳಿತರೆ 10 ಡಿಗ್ರಿಯ ವಾತಾವರಣದಲ್ಲೂ ಆಗಬಹುದು.

ಈ ಶಾಖ ನಾಲ್ಕು ದಾರಿಗಳಲ್ಲಿ ನಮ್ಮನ್ನು ಬಿಟ್ಟು ಹೋಗುತ್ತದೆ. ಮೊದಲನೆಯದು ಮುಟ್ಟಿದ್ದರ ಮೂಲಕ: ಬಿಸಿ ಪಾತ್ರೆಯಲ್ಲಿಟ್ಟ ಚಮಚದ ಹಿಡಿ ಕೈ ಸುಡುವ ಹಾಗೆ. ಇದು ಉಷ್ಣವಹನ. ಎರಡನೆಯದು ಚಲಿಸುವ ಗಾಳಿಯ ಮೂಲಕ: ಬಿಸಿ ಹಾಲನ್ನು ಊದಿ ಆರಿಸುತ್ತೇವಲ್ಲ, ಹಾಗೆ. ಮೂರನೆಯದು ವಿಕಿರಣ. ದೂರದಲ್ಲಿ ಕುಳಿತರೂ ಬೆಂಕಿಯ ಕಾವು ಮುಖಕ್ಕೆ ತಾಗುವುದು ಹೀಗೆಯೇ. ನಮ್ಮ ಮೈಯೂ ಕಣ್ಣಿಗೆ ಕಾಣದ ಆ ಕಾವನ್ನು ಸುತ್ತಲೂ ಸೂಸುತ್ತಿರುತ್ತದೆ. ನಾಲ್ಕನೆಯದು ಆವಿ. ಒದ್ದೆ ಬಟ್ಟೆ ಮೈಮೇಲೆಯೇ ಒಣಗುವಾಗ ಅದಕ್ಕೆ ಬೇಕಾದ ಶಾಖವನ್ನು ಮೈಯಿಂದಲೇ ಎಳೆದುಕೊಳ್ಳುತ್ತದೆ. ಆದ್ದರಿಂದ ಎಷ್ಟೇ ಆತುರವಿದ್ದರೂ ಒದ್ದೆ ಬಟ್ಟೆ ಬದಲಿಸುವುದು ಆಸರೆ ಕಟ್ಟುವುದಕ್ಕಿಂತ ಮೊದಲಿನ ಕೆಲಸ.

ಬೆಚ್ಚಗಿಡುವುದು ಉಣ್ಣೆಯಲ್ಲ, ಅದರೊಳಗಿನ ಗಾಳಿ

ಕಂಬಳಿಯಲ್ಲಿ ತನ್ನದೇ ಆದ ಬಿಸಿ ಇಲ್ಲ. ಯಾರೂ ಹೊದೆಯದ ಕಂಬಳಿಯನ್ನು ತಣ್ಣನೆಯ ಕೋಣೆಯಲ್ಲಿಟ್ಟರೆ ಅದೂ ಅಷ್ಟೇ ತಣ್ಣಗಿರುತ್ತದೆ. ಅದರ ಎಳೆಗಳು ಮಾಡುವ ಕೆಲಸ ಒಂದೇ: ಗಾಳಿಯನ್ನು ಸಣ್ಣ ಸಣ್ಣ ಗೂಡುಗಳಲ್ಲಿ ಹಿಡಿದು, ಅಲುಗಾಡದಂತೆ ನಿಲ್ಲಿಸುವುದು. ಚಳಿಯಲ್ಲಿ ಹಕ್ಕಿ ಗರಿ ಉಬ್ಬಿಸಿಕೊಂಡು ಉಂಡೆಯಂತೆ ಕೂರುವುದನ್ನು ನೋಡಿದ್ದೀರಿ. ಗರಿಗಳ ನಡುವೆ ಹೆಚ್ಚು ಗಾಳಿ ನಿಲ್ಲಲಿ ಎಂದೇ ಅದು ಹಾಗೆ ಮಾಡುತ್ತದೆ.

ನಿಂತ ಗಾಳಿ ಶಾಖವನ್ನು ಸಾಗಿಸುವುದರಲ್ಲಿ ಬಹಳ ನಿಧಾನಿ. ಅದಕ್ಕೆ ಹೋಲಿಸಿದರೆ ನೀರು ಸುಮಾರು 24 ಪಟ್ಟು ವೇಗವಾಗಿ ಸಾಗಿಸುತ್ತದೆ, ಕಾಂಕ್ರೀಟು ಹೆಚ್ಚುಕಡಿಮೆ 50 ಪಟ್ಟು, ಕಬ್ಬಿಣದ ಹಾಳೆ ಸಾವಿರಾರು ಪಟ್ಟು. ಹೀಗೆ ಶಾಖದ ಹರಿವನ್ನು ನಿಧಾನಗೊಳಿಸುವ ಪದರವನ್ನೇ ಉಷ್ಣ ನಿರೋಧಕ ಎನ್ನುತ್ತೇವೆ. ಮುದುಡಿದ ಪತ್ರಿಕೆಯಾಗಲಿ, ಥರ್ಮಾಕೋಲ್ ಆಗಲಿ, ಒಣ ಹುಲ್ಲಾಗಲಿ, ಎಲ್ಲವೂ ಗಾಳಿ ತುಂಬಿದ ಗೂಡುಗಳೇ.

ಗಾಳಿಗೆ ಒಂದು ದೌರ್ಬಲ್ಯವಿದೆ: ಜಾಗ ಸಿಕ್ಕರೆ ಅದು ಸುತ್ತಲು ಶುರು ಮಾಡುತ್ತದೆ. ಎರಡು ಹಾಳೆಗಳ ನಡುವಿನ ಸಂದು ಎರಡು ಸೆಂಟಿಮೀಟರಿಗಿಂತ ಬಹಳ ಹೆಚ್ಚಾದರೆ ಬೆಚ್ಚನೆಯ ಬದಿಯ ಗಾಳಿ ಮೇಲೇರಿ, ತಣ್ಣನೆಯ ಬದಿಯದು ಕೆಳಗಿಳಿದು, ಶಾಖವನ್ನು ಹೊತ್ತು ಸಾಗಿಸುತ್ತದೆ. ಆದ್ದರಿಂದ ದೊಡ್ಡ ಖಾಲಿ ಜಾಗವನ್ನು ಹಾಗೇ ಬಿಡದೆ ಏನನ್ನಾದರೂ ಸಡಿಲವಾಗಿ ತುಂಬಬೇಕು. ಈ ‘ಸಡಿಲವಾಗಿ’ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಹೆಚ್ಚು ತುಂಬಿದಷ್ಟೂ ಒಳ್ಳೆಯದೆಂದು ಪತ್ರಿಕೆಗಳನ್ನು ಗಿಡಿದರೆ ಗಾಳಿಗೂಡುಗಳೇ ಮುಚ್ಚಿಹೋಗುತ್ತವೆ. ಒದ್ದೆಯಾದರೂ ಅದೇ ಪಾಡು, ಗಾಳಿ ಇದ್ದ ಜಾಗದಲ್ಲಿ ನೀರು ಕೂರುತ್ತದೆ. ಉಬ್ಬಿರಬೇಕು, ಒಣಗಿರಬೇಕು. ಮುಂದೆ ಹೇಳುವುದೆಲ್ಲ ಇವೆರಡರ ಸುತ್ತಲೇ ಇದೆ.

ಮೊದಲು ನೆಲ

ಹೆಚ್ಚಿನವರು ಮೊದಲು ಕಂಬಳಿಗಳನ್ನೆಲ್ಲ ಮೈಮೇಲೆ ಹೇರಿಕೊಳ್ಳುತ್ತಾರೆ. ಸಾಮಾನು ಕಡಿಮೆ ಇದ್ದಾಗ ಇದು ತಪ್ಪು ಲೆಕ್ಕ. ಮಲಗಿದವರ ಬೆನ್ನು, ಸೊಂಟ, ಹೆಗಲು ಗಂಟೆಗಟ್ಟಲೆ ನೆಲಕ್ಕೆ ಅಂಟಿಕೊಂಡಿರುತ್ತವೆ. ನೆಲವನ್ನು ನಮ್ಮ ಮೈ ಶಾಖದಿಂದ ಬಿಸಿ ಮಾಡಿ ಮುಗಿಸಲು ಆಗುವುದಿಲ್ಲ. ಕೊಟ್ಟಷ್ಟನ್ನೂ ಅದು ನುಂಗುತ್ತದೆ. ಅದರ ಮೇಲೆ, ಮೈಯ ಭಾರಕ್ಕೆ ಕೆಳಗಿನ ಮೆತ್ತನೆಯ ಹೊದಿಕೆಗಳೆಲ್ಲ ಚಪ್ಪಟೆಯಾಗುತ್ತವೆ. ಎರಡು ಅಂಗುಲ ಉಬ್ಬಿದ್ದ ರಜಾಯಿ ಸೊಂಟದ ಕೆಳಗೆ ಬೆರಳಿನಷ್ಟೂ ಉಳಿಯುವುದಿಲ್ಲ. ಕೆಳಗೆ ಹಾಸಲು ಬೇಕಾದದ್ದು ಭಾರಕ್ಕೆ ಬಗ್ಗದ ವಸ್ತು.

ಇಲ್ಲಿ ರಟ್ಟಿನ ಪೆಟ್ಟಿಗೆಯಷ್ಟು ನೆರವಿಗೆ ಬರುವ ವಸ್ತು ಇನ್ನೊಂದಿಲ್ಲ. ಒಂದು ತುಂಡನ್ನು ಹರಿದು ಅಂಚಿನಿಂದ ನೋಡಿ. ಎರಡು ಹಾಳೆಗಳ ನಡುವೆ ಅಲೆಅಲೆಯಾಗಿ ಮಡಚಿದ ಮೂರನೆಯ ಹಾಳೆ ಕಾಣುತ್ತದೆ. ಆ ಅಲೆಗಳ ನಡುವಿನ ಕೊಳವೆಗಳಲ್ಲಿ ಗಾಳಿ ನಿಂತಿರುತ್ತದೆ. ಅಲೆಗಳು ಕಮಾನುಗಳಂತೆ ಭಾರ ಹೊರುತ್ತವೆ. ಪೆಟ್ಟಿಗೆಗಳನ್ನು ಬಿಚ್ಚಿ ಚಪ್ಪಟೆ ಮಾಡಿ, ಒಂದರ ಮೇಲೊಂದು ಜೋಡಿಸಿ. ಒಂದು ಪದರದ ಕೊಳವೆಗಳು ಉದ್ದಕ್ಕೆ ಇದ್ದರೆ ಮುಂದಿನದರವು ಅಡ್ಡಕ್ಕೆ ಇರಲಿ, ಆಗ ರಾಶಿ ಒಂದೇ ಕಡೆ ಕುಸಿಯುವುದಿಲ್ಲ. ಒಂದು ಪದರದ ಅಂಚು ಇನ್ನೊಂದರ ಅಂಚಿನ ಮೇಲೆ ಬಾರದ ಹಾಗೆ, ಇಟ್ಟಿಗೆ ಕಟ್ಟುವಂತೆ ಸರಿಸಿ ಇಡಿ.

ರಟ್ಟಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಇರಲೇಬೇಕು. ನೆಲದ ತೇವವನ್ನು ರಟ್ಟು ಬತ್ತಿಯಂತೆ ಹೀರಿಕೊಳ್ಳುತ್ತದೆ, ಒಂದೇ ರಾತ್ರಿಯಲ್ಲಿ ಮೆತ್ತಗಾಗಿ ಕುಸಿಯುತ್ತದೆ. ರಟ್ಟಿನ ಮೇಲೆ ಚಾಪೆ, ಯೋಗಾ ಮ್ಯಾಟ್, ಜಮಖಾನ, ಕಡೆಯಲ್ಲಿ ಬಟ್ಟೆ. ಎಲ್ಲ ಸೇರಿ, ಮೈಭಾರ ಬಿದ್ದ ಮೇಲೂ ನಾಲ್ಕು ಬೆರಳಿನಷ್ಟು ದಪ್ಪ ಉಳಿಯುವುದಾದರೆ ಒಳ್ಳೆಯ ಹಾಸು. ಮಲಗುವವರ ಅಗಲಕ್ಕಿಂತ ಎರಡೂ ಬದಿಗೆ ಒಂದು ಗೇಣು ಹೆಚ್ಚು ಹರಡಿ. ನಿದ್ದೆಯಲ್ಲಿ ಹೊರಳುವುದು ಎಲ್ಲರಿಗೂ ಇದ್ದದ್ದೇ.

ಸಾಕೋ ಸಾಲದೋ ತಿಳಿಯುವ ಬಗೆ ಸುಲಭ. ಹಾಸಿನ ಮೇಲೆ ಮೊಣಕಾಲೂರಿ ಐದು ನಿಮಿಷ ಇರಿ. ಮೊಣಕಾಲಿನಲ್ಲಿ ಮಾಂಸ ಕಡಿಮೆ, ಭಾರವೆಲ್ಲ ಅಂಗೈಯಷ್ಟು ಜಾಗದ ಮೇಲೆ ಬೀಳುತ್ತದೆ. ಅಲ್ಲಿ ತಣ್ಣಗೆ ತಟ್ಟತೊಡಗಿದರೆ ಇನ್ನೂ ಎರಡು ಪದರ ಬೇಕೆಂದು ಅರ್ಥ.

ರಟ್ಟು ಸಿಗದಿದ್ದರೆ ಬಾಗಿಲಿನ ಹಲಗೆ, ಸೋಫಾದ ಮೆತ್ತೆ, ಕಾರಿನ ಸೀಟು, ದಪ್ಪ ಪತ್ರಿಕೆಗಳ ಕಟ್ಟು ಆಗುತ್ತವೆ. ಗಾಳಿ ತುಂಬುವ ಹಾಸಿಗೆಯನ್ನು ಮಾತ್ರ ನಂಬಿ ಕೂರಬೇಡಿ. ಅದರೊಳಗಿನ ಗಾಳಿಗೆ ಸುತ್ತಾಡಲು ಬೇಕಾದಷ್ಟು ಜಾಗವಿದೆ, ಬೆನ್ನಿನ ಬಿಸಿಯನ್ನು ನೆಲಕ್ಕೆ ಸಾಗಿಸುತ್ತಲೇ ಇರುತ್ತದೆ. ಅದು ಇದ್ದರೆ ಅದರ ಮೇಲೂ ರಟ್ಟು ಅಥವಾ ಕಂಬಳಿ ಹಾಸಬೇಕು.

ಆಮೇಲೆ ಗಾಳಿಯ ದಾರಿ

ಬೀಸುವ ಗಾಳಿ ಒಳಗೆ ನುಗ್ಗುತ್ತಿದ್ದರೆ ಎಷ್ಟು ಪದರ ಹೊದ್ದರೂ ಪ್ರಯೋಜನವಿಲ್ಲ. ಮೈಸುತ್ತಲಿನ ಬೆಚ್ಚನೆಯ ಗಾಳಿಯನ್ನು ಅದು ಗಳಿಗೆಗೊಮ್ಮೆ ಗುಡಿಸಿಕೊಂಡು ಹೋಗುತ್ತದೆ. ಆಸರೆಯ ಬಾಯಿ ಗಾಳಿ ಬೀಸುವ ದಿಕ್ಕಿಗೆ ಬೆನ್ನಾಗಿರಲಿ. ಟಾರ್ಪಾಲಿನ್‌ನ ಕೆಳಗಿನ ಅಂಚಿನ ಮೇಲೆ ಕಲ್ಲು, ಮರಳು ತುಂಬಿದ ಚೀಲ ಅಥವಾ ಮಣ್ಣು ಹೇರಿ. ಸಂದುಗಳನ್ನು ಹುಡುಕಲು ಒಂದು ತೆಳುವಾದ ಕಾಗದದ ಪಟ್ಟಿಯನ್ನು ಅಂಚಿನುದ್ದಕ್ಕೂ ಹಿಡಿದು ಸಾಗಿರಿ. ಅಲುಗಿದ ಕಡೆ ಬಟ್ಟೆ ತುರುಕಿ. ಇದಕ್ಕೆ ಮೇಣದ ಬತ್ತಿ ಹಚ್ಚಬೇಡಿ, ಸುತ್ತಲೂ ಇರುವುದು ಪ್ಲಾಸ್ಟಿಕ್ ಮತ್ತು ಕಾಗದ.

ಆಸರೆ ಸಣ್ಣದಿದ್ದಷ್ಟೂ ಬೇಗ ಬೆಚ್ಚಗಾಗುತ್ತದೆ. ಪರಿಹಾರ ಕಾರ್ಯದ ಅಂತರರಾಷ್ಟ್ರೀಯ ಮಾನದಂಡವಾದ ಸ್ಫಿಯರ್ ಕೈಪಿಡಿ ಒಬ್ಬೊಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ ಇರಬೇಕು ಎನ್ನುತ್ತದೆ. ಅದು ದಿನಗಟ್ಟಲೆ ಬದುಕಲು. ಮೊದಲ ಒಂದೆರಡು ರಾತ್ರಿಯ ನಿದ್ದೆಗೆ, ಆ ಜಾಗದೊಳಗೇ ಎಲ್ಲರೂ ಒತ್ತಾಗಿ ಮಲಗುವಷ್ಟು ಸಣ್ಣ ಗೂಡು ಮಾಡಿಕೊಳ್ಳುವುದು ಲೇಸು. ಮನೆ ಗಟ್ಟಿಯಾಗಿ ನಿಂತಿದ್ದು ವಿದ್ಯುತ್ ಮಾತ್ರ ಹೋಗಿದ್ದರೂ ಇದೇ ಉಪಾಯ: ಒಂದು ಕೋಣೆ ಆರಿಸಿಕೊಂಡು, ಊಟದ ಮೇಜಿನ ಮೇಲಿಂದ ನಾಲ್ಕೂ ಕಡೆಗೆ ಕಂಬಳಿ ಇಳಿಬಿಟ್ಟು ಅದರ ಕೆಳಗೆ ಮಲಗುವುದು. ಮಕ್ಕಳು ಆಟಕ್ಕೆ ಕಟ್ಟುವ ಮನೆಯೇ ಇದು.

ಗೋಡೆ ಮತ್ತು ಮಾಡು: ಒಂದು ಸಣ್ಣ ಲೆಕ್ಕ

ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಗೂಡಿನಲ್ಲಿ ಇಬ್ಬರು ಮಲಗಿದ್ದಾರೆ ಎಂದುಕೊಳ್ಳಿ. ಗೋಡೆ ಮತ್ತು ಮಾಡು ಸೇರಿ 8 ಚದರ ಮೀಟರ್. ಒಂದೇ ಪದರದ ಪ್ಲಾಸ್ಟಿಕ್ ಹಾಳೆಯ ಪ್ರತಿ ಚದರ ಮೀಟರಿನಿಂದ, ಒಳಗೂ ಹೊರಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 6 ವ್ಯಾಟ್ ಸೋರುತ್ತದೆ. ಅಂದರೆ ಇಡೀ ಗೂಡಿನಿಂದ ಡಿಗ್ರಿಗೆ 48 ವ್ಯಾಟ್. ಇಬ್ಬರ ಮೈಯಿಂದ ಬರುವುದು 150 ವ್ಯಾಟ್. ಭಾಗಿಸಿ ನೋಡಿದರೆ ಒಳಗೆ ಹೊರಗಿನದಕ್ಕಿಂತ ಬರೀ ಮೂರು ಡಿಗ್ರಿ ಹೆಚ್ಚು.

ಈಗ ಅದೇ ಹಾಳೆಯ ಒಳಬದಿಗೆ ಐದು ಸೆಂಟಿಮೀಟರ್ ದಪ್ಪಕ್ಕೆ ಮುದುಡಿದ ಪತ್ರಿಕೆಯ ಪದರ ಕೊಡಿ. ಸೋರಿಕೆ ಪ್ರತಿ ಚದರ ಮೀಟರಿಗೆ ಹೆಚ್ಚುಕಡಿಮೆ 1 ವ್ಯಾಟ್‌ಗೆ ಇಳಿಯುತ್ತದೆ. ಲೆಕ್ಕದ ಪ್ರಕಾರ 18–19 ಡಿಗ್ರಿಯ ಅಂತರ ಸಿಗಬೇಕು. ನೆಲದಿಂದ, ಸಂದುಗಳಿಂದ, ಉಸಿರಾಟಕ್ಕೆಂದು ಬಿಟ್ಟ ಕಿಂಡಿಯಿಂದ ಅದರಲ್ಲಿ ಅರ್ಧ ಹೋಯಿತೆಂದೇ ಇಟ್ಟುಕೊಳ್ಳೋಣ. ಆಗಲೂ ಒಂಬತ್ತು ಡಿಗ್ರಿ ಉಳಿಯುತ್ತದೆ. ಹೊರಗೆ 5 ಡಿಗ್ರಿ ಇದ್ದರೆ ಒಳಗೆ 14. ಹೊದೆಯಲು ಒಂದು ಕಂಬಳಿ ಇದ್ದರೆ ನಿದ್ದೆ ಬರುವ ಚಳಿ ಅದು.

ಈ ಪದರವನ್ನು ನಿಲ್ಲಿಸುವುದು ಹೇಗೆ? ಎರಡು ಬೆಡ್‌ಶೀಟುಗಳನ್ನು ಒಂದರ ಮೇಲೊಂದು ಹಾಸಿ ಮೂರು ಬದಿ ಹೊಲಿಯಿರಿ. ಸೂಜಿ ಇಲ್ಲದಿದ್ದರೆ ಪಿನ್ನು ಅಥವಾ ಟೇಪ್ ಆದೀತು. ತೆರೆದ ಬದಿಯಿಂದ ಎದುರಿನ ಅಂಚಿನವರೆಗೆ ಗೇಣಿಗೊಂದು ಸಾಲು ಹೊಲಿಗೆ ಹಾಕಿದರೆ ಉದ್ದುದ್ದ ಜೇಬುಗಳಾಗುತ್ತವೆ. ಪತ್ರಿಕೆಯ ಒಂದೊಂದು ಹಾಳೆಯನ್ನು ಮುಷ್ಟಿಯಲ್ಲಿ ಮುದುಡಿ, ಮತ್ತೆ ಸ್ವಲ್ಪ ಬಿಡಿಸಿ, ಆ ಜೇಬುಗಳಿಗೆ ತುಂಬಿ. ಬಿಗಿಯಾದ ಉಂಡೆ ಮಾಡಬೇಡಿ, ಕೈಯಲ್ಲಿ ಹಿಡಿದರೆ ಚರಚರ ಎಂದು ತಗ್ಗಿ ಮತ್ತೆ ಅರಳುವಂತಿರಲಿ. ಜೇಬುಗಳು ಅಡ್ಡಡ್ಡ ಇರುವಂತೆ ಇಡೀ ಹೊದಿಕೆಯನ್ನು ಒಳಗಡೆ ತೂಗುಹಾಕಿ. ಉದ್ದುದ್ದ ತೂಗಿದರೆ ಕಾಗದವೆಲ್ಲ ಕೆಳಕ್ಕೆ ಜಾರಿ ಮೇಲ್ಭಾಗ ಬರಿದಾಗುತ್ತದೆ. ಹೊಲಿಗೆಗೆ ಹೊತ್ತಿಲ್ಲದಿದ್ದರೆ ಕಸದ ಪ್ಲಾಸ್ಟಿಕ್ ಚೀಲಗಳಿಗೆ ಅದೇ ಕಾಗದ, ಚಿಂದಿ ಬಟ್ಟೆ, ಒಣ ಎಲೆ ತುಂಬಿ ದಿಂಬಿನಂತೆ ಗೋಡೆಗೆ ಒತ್ತಿ ಪೇರಿಸಿ. ಮಾಡಿಗೆ ಮೊದಲ ಪಾಲು ಕೊಡಿ, ಬಿಸಿ ಗಾಳಿ ಹೋಗುವುದು ಮೇಲಕ್ಕೆ.

ಗುಳ್ಳೆಯ ಪ್ಲಾಸ್ಟಿಕ್, ಅಂದರೆ ಬಬಲ್ ರ‍್ಯಾಪ್, ಇದ್ದರೆ ಕೆಲಸ ಇನ್ನೂ ಹಗುರ. 1957ರಲ್ಲಿ ಆಲ್ಫ್ರೆಡ್ ಫೀಲ್ಡಿಂಗ್ ಮತ್ತು ಮಾರ್ಕ್ ಶಾವಾನ್ ಅದನ್ನು ಮಾಡಿದ್ದು ಗೋಡೆಗೆ ಅಂಟಿಸುವ ಅಲಂಕಾರದ ಹಾಳೆಯಾಗಿ. ಅದು ನಡೆಯದಿದ್ದಾಗ ಹಸಿರುಮನೆಗಳಿಗೆ ಉಷ್ಣ ನಿರೋಧಕವಾಗಿ ಬಳಸಿ ನೋಡಿದರು. ಸಾಮಾನು ಸುತ್ತುವ ಹಾಳೆಯೆಂದು ಹೆಸರಾದದ್ದು ಆಮೇಲೆ. ಎರಡು ಮೂರು ಪದರ ಹಚ್ಚಿದರೆ ಬೆಳಕೂ ಒಳಗೆ ಬರುತ್ತದೆ, ಕಿಟಕಿಗೆ ಇದು ಬಹಳ ಚೆನ್ನ.

ಬಟ್ಟೆಯನ್ನೂ ಮರೆಯಬೇಡಿ. ಎರಡು ಅಂಗಿಗಳ ನಡುವೆ ಮುದುಡಿದ ಕಾಗದ ಇಟ್ಟುಕೊಂಡರೆ ಗೋಡೆಗೆ ಮಾಡಿದ್ದನ್ನೇ ಮೈಗೆ ಮಾಡಿದಂತೆ. ಕಾಗದ ಕಡಿಮೆ ಇದ್ದರೆ ಗೋಡೆಗಿಂತ ಮೈಗೇ ಬಳಸಿ ಎನ್ನುವುದು ನನ್ನ ಸಲಹೆ. ಮುಚ್ಚಬೇಕಾದ ವಿಸ್ತೀರ್ಣ ಅಲ್ಲಿ ತೀರಾ ಕಡಿಮೆ.

ಹೊಳೆಯುವ ಹಾಳೆಯ ಬಗ್ಗೆ ಒಂದು ತಪ್ಪು ಕಲ್ಪನೆ

ಬೆಳ್ಳಿಯಂತೆ ಹೊಳೆಯುವ ತುರ್ತು ಹೊದಿಕೆಯನ್ನು 1964ರಲ್ಲಿ ನಾಸಾ ಬಾಹ್ಯಾಕಾಶ ಕಾರ್ಯಕ್ರಮಕ್ಕಾಗಿ ರೂಪಿಸಿತು. ತೆಳು ಪ್ಲಾಸ್ಟಿಕ್ ಪೊರೆಯ ಮೇಲೆ ಅಲ್ಯೂಮಿನಿಯಂ ಲೇಪನ, ಅಷ್ಟೇ. ಮೈಯಿಂದ ಹೊಮ್ಮುವ ವಿಕಿರಣದ ಬಹುಪಾಲನ್ನು ಅದು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ. ಅಡುಗೆಮನೆಯ ಫಾಯಿಲ್ ಕೂಡ ಅದೇ ಕೆಲಸ ಮಾಡುತ್ತದೆ.

ಆದರೆ ಕನ್ನಡಿಯ ಮುಂದೆ ಜಾಗ ಇರಬೇಕು. ಹಾಳೆ ಮೈಗೋ ಗೋಡೆಗೋ ಎರಡೂ ಬದಿಯಲ್ಲಿ ಅಂಟಿಕೊಂಡರೆ ಪ್ರತಿಫಲಿಸಲು ಏನೂ ಉಳಿಯುವುದಿಲ್ಲ, ಶಾಖ ಮುಟ್ಟಿದ ಕಡೆಯಿಂದ ನೇರವಾಗಿ ದಾಟಿಹೋಗುತ್ತದೆ. ಫಾಯಿಲ್ ಹಾಸಿ ಅದರ ಮೇಲೆ ಮಲಗಿದರೆ ಏನೂ ಸಿಗುವುದಿಲ್ಲ. ತಲೆಯ ಮೇಲೆ, ಒಂದೆರಡು ಸೆಂಟಿಮೀಟರ್ ಸಂದು ಬಿಟ್ಟು, ಹೊಳೆಯುವ ಬದಿ ಕೆಳಗಾಗಿ ಕಟ್ಟಿದರೆ ವ್ಯತ್ಯಾಸ ತಿಳಿಯುತ್ತದೆ. ಬೇಸಿಗೆಯ ಆಸರೆಗೆ ಇದನ್ನೇ ತಿರುಗಿಸಿ: ಹೊಳಪು ಆಕಾಶದ ಕಡೆಗೆ, ಅದರ ಕೆಳಗೆ ಗಾಳಿಯಾಡಲು ಗೇಣಗಲ ಜಾಗ, ಆಮೇಲೆ ಎರಡನೆಯ ಮಾಡು. ಬಿಸಿಲಿನಲ್ಲಿ ನಿಂತ ಗಾಳಿ ಬೇಡ, ಹರಿಯುವ ಗಾಳಿ ಬೇಕು.

ಬಿಸಿನೀರಿನ ಬಾಟಲಿ

ಒಂದು ಲೀಟರ್ ನೀರು 60 ಡಿಗ್ರಿಯಿಂದ 35ಕ್ಕೆ ಆರುವಾಗ ಬಿಟ್ಟುಕೊಡುವ ಶಾಖವನ್ನು ಆರು ಗಂಟೆಗೆ ಹಂಚಿದರೆ ಸಿಗುವುದು ಸುಮಾರು 5 ವ್ಯಾಟ್. ಕೋಣೆಯನ್ನು ಅದು ಬಿಸಿ ಮಾಡಲಾರದು. ಕಾಲುಚೀಲದೊಳಗೆ ಹಾಕಿ ಹೊದಿಕೆಯ ಒಳಗೆ ಪಾದಗಳ ಬಳಿಯೋ ಹೊಟ್ಟೆಯ ಬಳಿಯೋ ಇಟ್ಟರೆ ಮಾತ್ರ ಪೂರ್ತಿ ಉಪಯೋಗ. ಮುಚ್ಚಳ ಬಿಗಿಯಾಗಿರಲಿ. ಬರಿ ಚರ್ಮಕ್ಕೆ ತಾಗಿಸಬೇಡಿ. ಮಕ್ಕಳು ಮತ್ತು ವಯಸ್ಸಾದವರು ಸುಟ್ಟದ್ದನ್ನು ನಿದ್ದೆಯಲ್ಲಿ ಗಮನಿಸದೆ ಹೋಗಬಹುದು.

ಕಿಂಡಿಯನ್ನು ಪೂರ್ತಿ ಮುಚ್ಚಬೇಡಿ

ಇಷ್ಟು ಹೊತ್ತು ಸಂದು ಮುಚ್ಚಿ ಎಂದವನೇ ಈಗ ಕಿಂಡಿ ಬಿಡಿ ಎನ್ನುತ್ತಿದ್ದೇನೆ. ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ, ಏಕೆಂದರೆ ಚಳಿಗಿಂತ ಬೇಗ ಜೀವ ತೆಗೆಯುವ ಸಂಗತಿ ಇಲ್ಲಿದೆ.

ಇದ್ದಿಲು, ಸೌದೆ, ಸೀಮೆಎಣ್ಣೆ, ಗ್ಯಾಸ್ ಯಾವುದು ಉರಿದರೂ, ಅದರಲ್ಲೂ ಗಾಳಿ ಸಾಲದೆ ಉರಿದರೆ, ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಂದಿಗೆ ರಕ್ತಕ್ಕೆ ಸೇರಿ, ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ಮಲಗಿದವರು ಮಲಗಿದಲ್ಲೇ ಪ್ರಜ್ಞೆ ತಪ್ಪುತ್ತಾರೆ. ಹೊಗೆ ಕಾಣದ ಕೆಂಡ ಸುರಕ್ಷಿತ ಎಂಬ ನಂಬಿಕೆಯೇ ಅತಿ ಅಪಾಯಕಾರಿ. ಕೆಂಡದ ಬಾಂಡಲಿಯನ್ನು ಮಲಗುವ ಜಾಗಕ್ಕೆ ತರಲೇಬೇಡಿ. ಜನರೇಟರನ್ನು ಬಾಗಿಲ ಬಳಿಯೂ ಇಡಬೇಡಿ. ಅಡುಗೆ ಹೊರಗಾಗಲಿ. ಥರ್ಮಾಕೋಲ್, ಸೋಫಾದ ಫೋಮ್, ಮುದುಡಿದ ಕಾಗದ ಕಿಡಿ ತಾಗಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ. ಒಳಗೆ ಬೆಳಕಿಗೆ ಟಾರ್ಚ್ ಅಥವಾ ಮೊಬೈಲ್ ಇರಲಿ. ಮಲಗುವ ಮುನ್ನ ಹೊರಬರುವ ದಾರಿಗೆ ಏನೂ ಅಡ್ಡವಿಲ್ಲವೆಂದು ಕತ್ತಲಲ್ಲೇ ಒಮ್ಮೆ ತಡವಿ ನೋಡಿ.

ಕಿಂಡಿ ಬೇಕಾದದ್ದು ಬೆಂಕಿ ಇದ್ದಾಗ ಮಾತ್ರವಲ್ಲ. ಪ್ಲಾಸ್ಟಿಕ್ ಹಾಳೆಯಿಂದ ಬಿಗಿದ ಸಣ್ಣ ಗೂಡಿನಲ್ಲಿ ನಾವು ಬಿಟ್ಟ ಉಸಿರೇ ಗಾಳಿಯನ್ನು ಕೆಡಿಸುತ್ತದೆ. ಜೊತೆಗೆ ಒಬ್ಬೊಬ್ಬರ ಉಸಿರು ಮತ್ತು ಚರ್ಮದಿಂದ ರಾತ್ರಿಯಿಡೀ ಒಂದು ಲೋಟದಷ್ಟು ನೀರು ಆವಿಯಾಗಿ ಹೊರಬರುತ್ತದೆ. ಅದು ತಣ್ಣನೆಯ ಹಾಳೆಗೆ ತಾಗಿ ಹನಿಯಾಗಿ, ಕಾಗದದ ಮೇಲೂ ಕಂಬಳಿಯ ಮೇಲೂ ಇಳಿಯುತ್ತದೆ. ಮೇಲ್ಭಾಗದಲ್ಲಿ ಅಂಗೈಯಗಲದ ಒಂದು ಕಿಂಡಿ, ಬಾಗಿಲ ಬದಿಯಲ್ಲಿ ಕೆಳಗೆ ಇನ್ನೊಂದು ಇದ್ದರೆ ಕೆಟ್ಟ ಗಾಳಿ ಮೇಲಿನಿಂದ ಹೋಗಿ ಹೊಸದು ಕೆಳಗಿನಿಂದ ಬರುತ್ತದೆ. ತಲೆಯನ್ನೂ ಸೇರಿಸಿ ಹೊದ್ದು, ಹೊದಿಕೆಯೊಳಗೇ ಉಸಿರಾಡುವುದು ಹಿತವೆನಿಸಿದರೂ ಹೊದಿಕೆ ಒಳಗಿನಿಂದಲೇ ಒದ್ದೆಯಾಗುತ್ತದೆ. ತಲೆಗೆ ಟೋಪಿ ಹಾಕಿ, ಮೂಗು ಬಾಯಿ ಹೊರಗಿರಲಿ. ಹಸುಗೂಸಿನ ಮುಖದ ಬಳಿ ಪ್ಲಾಸ್ಟಿಕ್ ಹಾಳೆಯಾಗಲಿ ಸಡಿಲ ಬಟ್ಟೆಯಾಗಲಿ ಇರಕೂಡದು.

ರಾತ್ರಿ ಕಾವಲು, ಬೆಳಗಿನ ಕೆಲಸ

ಒಟ್ಟಿಗೆ ಮಲಗಿದವರಲ್ಲಿ ಮಕ್ಕಳು, ವಯಸ್ಸಾದವರು ನಡುವೆ ಇರಲಿ. ಯಾರಾದರೊಬ್ಬರು ಆಗಾಗ ಎದ್ದು ಎಲ್ಲರನ್ನೂ ಮಾತನಾಡಿಸಿ ನೋಡುವುದು ಒಳ್ಳೆಯದು. ನಡುಗುತ್ತಿರುವವರ ಮೈ ಇನ್ನೂ ಹೋರಾಡುತ್ತಿದೆ. ಮಾತು ತೊದಲಿದರೆ, ಗುಂಡಿ ಹಾಕಲು ಬೆರಳು ಸೋತರೆ, ಮೈ ತಣ್ಣಗಿದ್ದೂ ನಡುಕ ನಿಂತುಹೋದರೆ ಅದು ಗಂಭೀರ ಸ್ಥಿತಿ. ಕೂಡಲೇ ವೈದ್ಯರ ನೆರವು ಬೇಕು. ಅದು ಸಿಗುವವರೆಗೆ ಒದ್ದೆ ಬಟ್ಟೆ ತೆಗೆದು, ದಪ್ಪ ಹಾಸಿನ ಮೇಲೆ ಮಲಗಿಸಿ, ಒಣ ಹೊದಿಕೆಯೊಳಗೆ ಇನ್ನೊಬ್ಬರು ಅಪ್ಪಿಕೊಂಡು ಮಲಗಬೇಕು. ಕೈಕಾಲು ಉಜ್ಜಬಾರದು, ಮದ್ಯ ಕೊಡಬಾರದು.

ಬೆಳಗಾದ ಮೇಲೆ ಬಿಸಿಲು ಬಿದ್ದರೆ ಆಸರೆಯ ಬಾಯಿ ಪೂರ್ತಿ ತೆರೆದು ಹೊದಿಕೆಗಳನ್ನು ಹೊರಗೆ ಹರವಿ. ಹಾಳೆಯ ಒಳಮೈಯ ಹನಿಗಳನ್ನು ಬಟ್ಟೆಯಿಂದ ಒರೆಸಿ. ಜೇಬುಗಳಿಂದ ಒಂದು ಹಿಡಿ ಕಾಗದ ತೆಗೆದು ಕೈಯಲ್ಲಿ ಹಿಸುಕಿ ನೋಡಿ: ಚರಚರ ಎಂದರೆ ಮತ್ತೆ ಅದೇ ಜಾಗಕ್ಕೆ, ಸದ್ದಿಲ್ಲದೆ ಮೆತ್ತಗೆ ಮಡಚಿಕೊಂಡರೆ ಬಿಸಿಲಿಗೆ. ರಟ್ಟಿನ ರಾಶಿಯ ಅಡಿಯ ಪದರವನ್ನು ಎತ್ತಿ ಮುಟ್ಟಿ, ತೇವವಾಗಿದ್ದರೆ ಅದನ್ನು ಒಣಗಲು ಹಾಕಿ ಒಣಗಿದ್ದನ್ನು ಕೆಳಗೆ ತನ್ನಿ. ಇದೆಲ್ಲ ಮಧ್ಯಾಹ್ನದೊಳಗೆ ಮುಗಿದರೆ, ಸಂಜೆಯ ತೇವ ಇಳಿಯುವ ಮೊದಲು ಎಲ್ಲವನ್ನೂ ಒಣಗಿದಂತೆಯೇ ಒಳಗೆ ಸೇರಿಸಬಹುದು.